ಕಿಂಡಿ ಕಾಯುವವರು

ಚಿತ್ರದುರ್ಗದ ಕೋಟೆಯಲ್ಲಿ ಯಾವ ಬಾಗಿಲೂ ನಿಮ್ಮನ್ನು ನೇರವಾಗಿ ಒಳಗೆ ಬಿಡುವುದಿಲ್ಲ. ಒಂದು ಬಾಗಿಲು ದಾಟಿದಿರೋ, ಎದುರಿಗೆ ಗೋಡೆ. ಹೊರಳಬೇಕು, ಹೊರಳಿ ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಹೊರಳಬೇಕು, ಆಮೇಲೆ ಇನ್ನೊಂದು ಬಾಗಿಲು. ಕದ ಒಡೆಯುವ ಆನೆಗೆ ಓಡಿಬಂದು ಗುದ್ದಲು ಬಯಲು ಬೇಕು. ಆ ಬಯಲನ್ನೇ ಕಟ್ಟಿದವರು ಕೊಡಲಿಲ್ಲ. ತಿರುವಿನಲ್ಲಿ ಸಿಕ್ಕಿಕೊಂಡ ದಂಡಿನ ತಲೆಯ ಮೇಲೆ ಕಲ್ಲು, ಗುಂಡು ಸುರಿಯಲಿಕ್ಕೆ ಗೋಡೆಯ ಮೇಲೆ ತೆನೆ, ತೆನೆಯ ನಡುವೆ ಸಂದು, ಸಂದಿನ ಹಿಂದೆ ಆಳು ನಿಲ್ಲುವಷ್ಟು ಜಾಗ.

ಇಷ್ಟಾದರೂ ಕೋಟೆಯ ಬಹುಪಾಲನ್ನು ಕಟ್ಟಿದ್ದು ನಾಯಕರಲ್ಲ, ಬೆಟ್ಟವೇ. ಮೇಲುದುರ್ಗದ ಯಾವ ಗೋಡೆಯ ಜೊತೆ ನಡೆದರೂ ಇದು ಕಾಣುತ್ತದೆ. ಎರಡು ದೊಡ್ಡ ಬಂಡೆಗಳ ನಡುವೆ ಮಾತ್ರ ಗೋಡೆ. ಬಂಡೆ ಬಂದಲ್ಲಿ ಗೋಡೆ ನಿಲ್ಲುತ್ತದೆ. ಬಂಡೆ ಮುಗಿದಲ್ಲಿ ಮತ್ತೆ ಹುಟ್ಟುತ್ತದೆ. ಬೆಟ್ಟ ಬಿಟ್ಟ ಸಂದುಗಳನ್ನು ಮುಚ್ಚುವುದೇ ಇಲ್ಲಿಯ ಕಲ್ಲುಕುಟಿಗರ ಕೆಲಸವಾಗಿತ್ತು. ಬಂಡೆಯ ಮೈಯಲ್ಲಿ ಸಾಲಾಗಿ ಉಳಿ ಬಡಿದ ಗುಳಿಗಳು ಇನ್ನೂ ಉಳಿದಿವೆ. ಕೆಲವು ಕಡೆ ಗುಳಿ ಹೊಡೆದು, ಕಲ್ಲು ಸೀಳದೆ ಹಾಗೇ ಬಿಟ್ಟುಹೋಗಿದ್ದಾರೆ. ಸೀಳಿದ ಕಲ್ಲನ್ನು ಅಲ್ಲೇ ತಿದ್ದಿ, ಗಾರೆಯ ಹಂಗಿಲ್ಲದೆ ಒಂದಕ್ಕೊಂದು ಕಚ್ಚಿಸಿ ಕೂಡಿಸಿದ್ದಾರೆ. ಒಳಗಿನ ಅರಮನೆ, ಟಂಕಸಾಲೆಗಳಿಗೆ ಮಾತ್ರ ಮಣ್ಣಿನ ಗೋಡೆ. ಗಟ್ಟಿ ಕಲ್ಲೆಲ್ಲ ಸರಹದ್ದಿಗೆ ಹೋಯಿತು, ದೊರೆ ಮಣ್ಣಿನ ಮನೆಯಲ್ಲಿದ್ದ. ಚಾವಣಿ ಹೋಗಿ ಎಷ್ಟೋ ಮಳೆಗಾಲ ಕಳೆದರೂ ಆ ಮಣ್ಣುಗೋಡೆಗಳು ನಿಂತಿವೆ. ಕಲ್ಲನ್ನೇ ನೋಡಲು ಬಂದವರು ಅವುಗಳ ಮುಂದೆ ನಿಲ್ಲುವುದು ಕಡಿಮೆ.

ಸಂದು ಮುಚ್ಚುವುದಕ್ಕೆಂದೇ ಕಟ್ಟಿದ ಈ ಏಳುಸುತ್ತಿನ ಕೋಟೆಗೆ ಎಷ್ಟು ತೆರಪುಗಳಿದ್ದವು? ಊರಿನವರು ಬಾಯಿಪಾಠದಂತೆ ಒಪ್ಪಿಸುವ ಲೆಕ್ಕ ಇದು: 19 ಅಗಸೆ ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ, ಅದರ ಮೇಲೆ 4 ಗುಪ್ತದ್ವಾರ. ಕೂಡಿದರೆ 96. ಇದನ್ನು ಮೊದಲು ಕೇಳಿದಾಗ ಕೋಟೆಯ ಹಿರಿಮೆಯ ಪಟ್ಟಿಯೆಂದೇ ಅನ್ನಿಸುತ್ತದೆ. ಸ್ವಲ್ಪ ನಿಂತು ಯೋಚಿಸಿದರೆ ಚಿಂತೆಯ ಪಟ್ಟಿಯಾಗಿಯೂ ಓದಬಹುದು. ತೊಂಬತ್ತಾರು ಕಡೆ ಕೋಟೆ ತೆರೆದಿತ್ತು. ಒಂದೊಂದು ಕಡೆಗೂ, ಹಗಲೂ ಇರುಳೂ, ಒಬ್ಬೊಬ್ಬ ಮನುಷ್ಯ ಬೇಕಾಗಿತ್ತು.

ತೆರಪಿಲ್ಲದ ಕೋಟೆ ಕಟ್ಟಬಹುದಿತ್ತಲ್ಲ ಎಂದು ಕೇಳುವವರು ಕೋಟೆಯೊಳಗೆ ಬದುಕಿದವರಲ್ಲ. ಹಾಲು, ಮಜ್ಜಿಗೆ, ಸೌದೆ, ರಾಗಿ, ಹುಲ್ಲು ಒಳಗೆ ಬರಬೇಕು. ಹೊಲಕ್ಕೆ ಹೋದವರು ಮರಳಬೇಕು. ಸುದ್ದಿ ತರುವವನು ಬಾಗಿಲು ಮುಚ್ಚಿದ ಹೊತ್ತಿನಲ್ಲೂ ನುಸುಳಿ ಬರಬೇಕು. ಕೋಟೆಯ ಒಳಗಿನವರ ಅನ್ನವೆಲ್ಲ ಹೊರಗೇ ಬೆಳೆಯುತ್ತದೆ. ಹಾಗಾಗಿ ಸುತ್ತು ಸುತ್ತು ಗೋಡೆ ಎದ್ದಂತೆಲ್ಲ ಬಗೆಬಗೆಯ ತೂತುಗಳನ್ನೂ ಕೊರೆಯಬೇಕಾಯಿತು.

ಈ ಕೋಟೆಯ ಮೊದಲ ನಾಯಕನಿಗೆ ಇದೆಲ್ಲ ಚೆನ್ನಾಗಿ ತಿಳಿದಿತ್ತು. ಮತ್ತಿ ತಿಮ್ಮಣ್ಣನಾಯಕ ವಿಜಯನಗರದ ಆಳ್ವಿಕೆಯಲ್ಲಿ ದುರ್ಗದ ನಾಯಕತನ ಪಡೆದವನು. 1568ರಿಂದ ಆ ಮನೆತನದ ಲೆಕ್ಕ ಹಿಡಿಯುತ್ತಾರೆ. ಅವನ ಬಗ್ಗೆ ಒಂದು ಕತೆಯಿದೆ. ಬಿ. ಎಲ್. ರೈಸ್ ಅದನ್ನು ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾನೆ. ರಾಯರ ದಂಡು ಬೀಡುಬಿಟ್ಟಿದ್ದಾಗ ದೊರೆಯ ಕುದುರೆಯನ್ನೇ ಕದಿಯಲು ತಿಮ್ಮಣ್ಣ ಲಾಯದೊಳಗೆ ನುಸುಳಿದ. ಕುದುರೆಯ ಆಳಿಗೆ ಎಚ್ಚರವಾಯಿತು. ತಿಮ್ಮಣ್ಣ ಹುಲ್ಲಿನಡಿ ಅಡಗಿದ. ಆಳು ಕುದುರೆ ಕಟ್ಟುವ ಗೂಟವನ್ನು ಮತ್ತೆ ನೆಲಕ್ಕೆ ಹೊಡೆದ. ಅದು ಅಡಗಿದವನ ಅಂಗೈಯನ್ನು ತೂರಿ ನೆಲಕ್ಕೆ ಇಳಿಯಿತು. ತಿಮ್ಮಣ್ಣ ಉಸಿರೆತ್ತಲಿಲ್ಲ. ಎಲ್ಲ ಮಲಗಿದ ಮೇಲೆ ಕೈಯನ್ನೇ ಕಡಿದುಕೊಂಡು ಬಿಡಿಸಿಕೊಂಡು, ಕುದುರೆ ಹತ್ತಿ ಹೊರಟುಹೋದ.

ಇದು ನಡೆಯಿತೋ ಇಲ್ಲವೋ, ನಾಯಕ ಮನೆತನದ ಮೂಲಪುರುಷನ ಬಗ್ಗೆ ಜನ ಈ ಕತೆಯನ್ನೇ ಆರಿಸಿಕೊಂಡರು ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಗೆದ್ದ ಕಾಳಗದ ಕತೆ ಅವರಿಗೆ ಸಿಗದೆ ಇರಲಿಲ್ಲ. ಅದನ್ನು ಬಿಟ್ಟು, ಕಾವಲಿನ ನಡುವೆ ನುಸುಳಿದ ಕತೆ ಹೇಳಿದರು. ಇಂಥವನು ಕೋಟೆ ಕಟ್ಟಿಸಿದರೆ, ಪ್ರತಿ ಗೋಡೆಯನ್ನೂ ಕಳ್ಳನ ಕಣ್ಣಿನಿಂದಲೇ ನೋಡಿ ಕಟ್ಟಿಸಿರುತ್ತಾನೆ. ಎಂಥ ದಂಡಿನಲ್ಲೂ ನಿದ್ದೆ ಹೋಗುವ ಒಬ್ಬ ಆಳು ಇರುತ್ತಾನೆ ಎಂಬುದು ಅವನಿಗೆ ಗೊತ್ತು. ಆ ಒಬ್ಬ ಆಳಿಗೆ ಸರಿಹೊತ್ತಿಗೆ ನಿದ್ದೆ, ಸರಿಹೊತ್ತಿಗೆ ಊಟ ಸಿಕ್ಕಿತೇ ಎಂದು ವಿಚಾರಿಸುವುದು ಮಾತ್ರ ಬೇರೆ ಬಗೆಯ ಅರಿವು. ಅದು ಆಳುವವರಿಗೆ ತಡವಾಗಿ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ.

ನೀರಿನ ವಿಷಯದಲ್ಲಿ ದುರ್ಗದವರು ತೆರಪಿನ ಬೆಲೆಯನ್ನು ಬೇಗ ಕಲಿತರು. ಬಯಲುಸೀಮೆಯ ಬಂಡೆಬೆಟ್ಟ, ಹೊಳೆಯಿಲ್ಲ, ಬಿದ್ದ ಮಳೆಯಷ್ಟೇ ಗತಿ. ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯಿತು. ಅಲ್ಲಿಂದ ಕೆಳಗೆ ಊರಿನ ಕಡೆಗೆ, ಸಿಹಿನೀರು ಹೊಂಡ, ಸಂತೆ ಹೊಂಡ. ಮೇಲಿನವರು ಕುಡಿದು ಉಳಿದದ್ದು ಕೆಳಗಿನವರಿಗೆ, ಅವರಿಗೂ ಹೆಚ್ಚಾದದ್ದು ಕಂದಕಕ್ಕೆ. ಒಂದೇ ಮಳೆ ಮೊದಲು ದಾಹ ತೀರಿಸಿ ಕೊನೆಗೆ ಶತ್ರುವಿಗೆ ಅಡ್ಡವಾಗಿ ನಿಂತಿತು. ಇಷ್ಟು ಅಚ್ಚುಕಟ್ಟಾಗಿ ಯೋಚಿಸಿದ ಏರ್ಪಾಡು ಕೋಟೆಯಲ್ಲಿ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. ಬುರುಜು, ಬತೇರಿಗಳು ಇದರ ಮುಂದೆ ಏನೂ ಅಲ್ಲ. ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆಶಾಸನವಿದೆ. ನಾಯಕರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಆ ಪ್ರಾಕೃತ ಬರಹ ಹೇಳುವುದೂ ಒಂದು ಕೆರೆಯ ಮಾತನ್ನೇ. 1689ರಿಂದ 1721ರವರೆಗೆ ಆಳಿದ ಭರಮಣ್ಣನಾಯಕನ ಹೆಸರು ಇವತ್ತಿಗೂ ಜನರ ಬಾಯಲ್ಲಿ ಉಳಿದಿರುವುದು ಭರಮಸಾಗರದ ಕೆರೆಯಿಂದ. ದಾವಣಗೆರೆಯ ದಾರಿಯಲ್ಲಿ ಬಸ್ಸಿನವನು ಕೂಗುವ ಊರ ಹೆಸರಾಗಿ ಆತ ದಿನಾ ಹತ್ತಾರು ಸಲ ಕೇಳಿಬರುತ್ತಾನೆ. ಯುದ್ಧ ಗೆದ್ದವರಿಗೆ ಈ ಭಾಗ್ಯ ಇಲ್ಲ.

ಕೆರೆ ಕಟ್ಟಿದ ಮೇಲೆ ಏರಿಯಷ್ಟೇ ಮುಖ್ಯವಾಗುವುದು ತೂಬು ಮತ್ತು ಕೋಡಿ. ತೂಬಿಲ್ಲದ ಕೆರೆಯಿಂದ ಗದ್ದೆಗೆ ಹನಿ ನೀರಿಲ್ಲ. ಕೋಡಿ ಇಲ್ಲದ ಕೆರೆ ಮೊದಲ ದೊಡ್ಡ ಮಳೆಗೆ ಒಡೆಯುತ್ತದೆ. ತೂಬು ಎತ್ತಿ ಇಳಿಸಲು ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಎಂಬವನಿದ್ದ. ಯಾರ ಗದ್ದೆಗೆ ಎಷ್ಟು ನೀರು ಎಂಬ ಜಗಳವೆಲ್ಲ ಅವನ ತಲೆಯ ಮೇಲೆ. ಮಧ್ಯರಾತ್ರಿ ಮಳೆ ಬಂದರೆ ಕಂಬಳಿ ಹೊದ್ದು ಏರಿಯ ಮೇಲೆ ಓಡುವವನೂ ಅವನೇ. ಅವನಿಗೆ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಕಣದ ಬದಿಯ ಒಂದಿಷ್ಟು ಧಾನ್ಯ. ಕೆರೆ ಕಟ್ಟಿಸಿದ ನಾಯಕನಿಗೆ ಶಾಸನ ಸಿಕ್ಕಿತು.

ಕೋಟೆಯ ಕಿಂಡಿಗಳ ಇನ್ನೊಂದು ಬಳಕೆಯನ್ನು ನಾವು ಅಭಿಮಾನದ ಭರದಲ್ಲಿ ಹೇಳದೆ ಬಿಡುತ್ತೇವೆ. ಹೈದರಾಲಿ ದುರ್ಗವನ್ನು ಮುತ್ತಿದ್ದ ಕಾಲದ ಬಗ್ಗೆ ಕರ್ನಲ್ ಮಾರ್ಕ್ ವಿಲ್ಕ್ಸ್ ಬರೆದದ್ದು ಹೀಗಿದೆ. ಪ್ರತಿ ಸೋಮವಾರ ಬೇಡ ವೀರರು ದೇವಿಯ ಪೂಜೆ ಮುಗಿಸಿ ಹೊರಗೆ ನುಗ್ಗುತ್ತಿದ್ದರು. ಪೂಜೆ ಮುಗಿಯಿತೆನ್ನಲು ಒಂದು ಬಗೆಯ ಕೊಂಬಿನ ದನಿ. ಮೊದಮೊದಲ ಕೆಲವು ವಾರಗಳ ಮೇಲೆ ಆ ದನಿ ಹೈದರನ ದಂಡಿಗೂ ಪರಿಚಯವಾಯಿತು. ದಿನ ಗೊತ್ತು, ಹೊತ್ತು ಗೊತ್ತು. ಯಾವ ಕಡೆಯಿಂದ ಬರುತ್ತಾರೆ ಎಂಬುದೊಂದು ಗೊತ್ತಿಲ್ಲ. ಎಷ್ಟು ಎಚ್ಚರದಿಂದ ಕಾದರೂ ಬೇಡರು ದೇವಿಗೆ ಒಪ್ಪಿಸಬೇಕಾದಷ್ಟು ತಲೆಗಳನ್ನು ತೆಗೆದುಕೊಂಡೇ ಮರಳುತ್ತಿದ್ದರು. ಕೋಟೆ ಬಿದ್ದ ಮೇಲೆ ಗುಡಿಯ ಮುಂದೆ ಸುಮಾರು ಎರಡು ಸಾವಿರ ತಲೆಗಳನ್ನು ಸಣ್ಣ ಸಣ್ಣ ಗೋಪುರಗಳಂತೆ ಸಾಲಾಗಿ ಜೋಡಿಸಿದ್ದು ಕಂಡಿತಂತೆ.

ವಿಲ್ಕ್ಸ್ ಕಂಪನಿಯ ಮನುಷ್ಯ. ನಮ್ಮವರ ಕ್ರೌರ್ಯ ಅವನ ಕಣ್ಣಿಗೆ ದೊಡ್ಡದಾಗಿಯೇ ಕಂಡಿರಬೇಕು. ಆದರೂ ಈ ಮಾತನ್ನು ಪಕ್ಕಕ್ಕೆ ತಳ್ಳಿ ದುರ್ಗದ ವೀರಗಾಥೆ ಹಾಡುವುದು ನನಗೆ ಸರಿಬರುವುದಿಲ್ಲ. ಆ ಎರಡು ಸಾವಿರ ತಲೆಗಳೂ ಯಾವುದೋ ಊರಿನ ಕೂಲಿಸಿಪಾಯಿಗಳವು. ರಾತ್ರಿ ಪಹರೆಗೆ ಹಾಕಲ್ಪಟ್ಟ, ಅಂಚಿನಲ್ಲಿ ನಿಂತ ಕಾವಲಿನವರೇ ಅದರಲ್ಲಿ ಹೆಚ್ಚು ಇದ್ದಿರುತ್ತಾರೆ. ಕಾವಲಿನವನ ಪಾಡು ಗೋಡೆಯ ಎರಡೂ ಬದಿಗೆ ಒಂದೇ.

ಇನ್ನು ಓಬವ್ವನ ಕತೆ. ಕನ್ನಡ ಓದುವವರಿಗೆ ಅದನ್ನು ಹೇಳಬೇಕಿಲ್ಲ. ತ. ರಾ. ಸು. ಅವರ ಕಾದಂಬರಿಗಳು ದುರ್ಗದ ಇತಿಹಾಸವನ್ನು ಮನೆಮನೆಗೆ ಮುಟ್ಟಿಸಿದವು. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರ ಓಬವ್ವನನ್ನು ನೋಡಿದ ತಲೆಮಾರಿಗೆ ಒನಕೆ ಎಂದರೆ ಬೇರೆ ನೆನಪೇ ಬರುವುದಿಲ್ಲ. ನಾನು ಇಲ್ಲಿ ಆ ಕತೆಯ ಮೊದಲ ಭಾಗವನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಒನಕೆ ಕೈಗೆ ಬರುವುದಕ್ಕಿಂತ ಮುಂಚಿನದು.

ಕಹಳೆಯ ಮುದ್ದಹನುಮ ಎಂಬ ಕಾವಲುಗಾರ. ಅವನ ಕೆಲಸ ಒಂದು ಕಿಂಡಿಯನ್ನು ನೋಡಿಕೊಳ್ಳುವುದು, ಅಪಾಯ ಕಂಡರೆ ಕಹಳೆ ಊದುವುದು. ಮಧ್ಯಾಹ್ನ ಹಸಿವಾಯಿತು, ಊಟಕ್ಕೆ ಮನೆಗೆ ಬಂದ. ಮನೆ ಕಿಂಡಿಗೆ ಹತ್ತಿರವೇ. ಕುಡಿಯಲು ನೀರಿರಲಿಲ್ಲ; ಹೆಂಡತಿ ಓಬವ್ವ ಕೊಡ ಹಿಡಿದು ತಣ್ಣೀರು ದೋಣಿಗೆ ಹೊರಟಳು. ದಾರಿಯಲ್ಲಿ ಕಿಂಡಿಯ ಕಡೆಯಿಂದ ಪಿಸುಮಾತು ಕೇಳಿಸಿತು. ಆ ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಬೇಕು. ಯಾರೋ ಅದರೊಳಗೆ ಹೋಗುವುದನ್ನು ಹೈದರನ ಕಡೆಯವರು ಕಂಡಿದ್ದರು. ಮಜ್ಜಿಗೆ ಮಾರುವವಳು ಎಂದು ಕೆಲವರು ಹೇಳುತ್ತಾರೆ. ಊಟಕ್ಕೆ ಕೂತ ಗಂಡನನ್ನು ಎಬ್ಬಿಸಬಾರದೆಂದು ಓಬವ್ವ ಒನಕೆ ತಂದಳು.

ಅವಳ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ನನ್ನನ್ನು ಕಾಡುವುದು ಗಂಡನ ಊಟ. ಕೋಟೆಗೆ ಮುತ್ತಿಗೆ ಬಿದ್ದಿದೆ. ಹೈದರನ ದಂಡು ಕೆಳಗೆ ತಿಂಗಳುಗಟ್ಟಲೆ ಕೂತಿದೆ. ಅಂಥ ಹೊತ್ತಿನಲ್ಲಿ ಒಂದು ಕಿಂಡಿಗೆ ಒಬ್ಬನೇ ಕಾವಲು. ಅವನು ಉಣ್ಣಲು ಹೋದರೆ ಆ ಜಾಗದಲ್ಲಿ ನಿಲ್ಲಲು ಬದಲಿ ಆಳಿಲ್ಲ. ಬುತ್ತಿ ತಂದುಕೊಡುವ ಏರ್ಪಾಡಿಲ್ಲ. ನಾಲ್ಕು ದೊಡ್ಡ ಬೀಸುಕಲ್ಲುಗಳನ್ನು ಗುಂಡಿಯಲ್ಲಿ ಕೂರಿಸಿ ಮದ್ದು ಅರೆಯುವಷ್ಟು ಜಾಣ್ಮೆ ಇದ್ದ ದುರ್ಗ ಅದು. ಬೆಟ್ಟದ ತುದಿಯ ಮಳೆಯನ್ನು ಕಂದಕದವರೆಗೆ ಇಳಿಸಿದ ದುರ್ಗ. ಅದರ ಲೆಕ್ಕದಲ್ಲಿ ಮುದ್ದಹನುಮನ ಹೊಟ್ಟೆ ಬಿಟ್ಟುಹೋಗಿತ್ತು. ಆ ಬಿಟ್ಟುಹೋದದ್ದನ್ನು ಸಂಬಳವೇ ಇಲ್ಲದ ಒಬ್ಬ ಹೆಣ್ಣುಮಗಳು ತನ್ನ ಅಡುಗೆಮನೆಯ ಒನಕೆಯಿಂದ ತುಂಬಬೇಕಾಯಿತು.

ಕತೆ ಎಷ್ಟು ನಿಜ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಜನ ಅದನ್ನು ಹೀಗೇ ಹೇಳಿಕೊಂಡು ಬಂದರು ಎಂಬುದೇ ಸಾಕು. ದೊರೆಗಳ ಕತೆಯಲ್ಲಿ ಯಾರೂ ಊಟ ಮಾಡುವುದಿಲ್ಲ, ಯಾರಿಗೂ ನೀರಡಿಕೆಯಾಗುವುದಿಲ್ಲ. ಈ ಕತೆ ಕಟ್ಟಿದವರಿಗೆ ಕಾವಲಿನ ಕೆಲಸ ಒಳಗಿನಿಂದ ಗೊತ್ತಿತ್ತು. ಓಬವ್ವನನ್ನು ಛಲವಾದಿ ಮನೆತನದವಳೆಂದು ಜನ ನೆನೆಯುತ್ತಾರೆ. ಊರಿನ ಬಾಗಿಲು ಕಾಯುವುದು, ಗಡಿ ಕಾಯುವುದು, ಡಂಗುರ ಸಾರುವುದು, ಸುದ್ದಿ ಒಯ್ಯುವುದು, ಎಲ್ಲವೂ ಊರಿನ ಒಳಗೆ ಸರಿಯಾಗಿ ಜಾಗ ಸಿಗದವರ ಪಾಲಿಗೇ ಬಂದಿತ್ತು. ಯಾರನ್ನು ಊರಾಚೆ ಇಟ್ಟೆವೋ ಅವರ ಕೈಗೇ ಊರಿನ ಬೀಗ ಕೊಟ್ಟೆವು. ಅವರು ಅದನ್ನು ಹೊರಗಿನವನಿಗೆ ಕೊಟ್ಟುಬಿಡದೆ ಇದ್ದದ್ದು ನಮ್ಮ ವ್ಯವಸ್ಥೆಯ ಜಾಣ್ಮೆಯಿಂದಲ್ಲ, ಅವರ ದೊಡ್ಡತನದಿಂದ.

ಕೊನೆಗೆ 1779ರಲ್ಲಿ ದುರ್ಗ ಬಿದ್ದಾಗ ಕಿಂಡಿಯ ಪಾತ್ರವೇನೂ ಇರಲಿಲ್ಲ. ಆಗಿನ ನಾಯಕ ಮದಕರಿಯ ಸಂಬಳದಲ್ಲಿದ್ದ ಮೂರು ಸಾವಿರ ಮುಸಲ್ಮಾನ ಸಿಪಾಯಿಗಳ ದಳವನ್ನು ಹೈದರ್ ಒಳಗಿಂದೊಳಗೇ ಒಲಿಸಿಕೊಂಡ ಎಂದು ವಿಲ್ಕ್ಸ್ ಬರೆಯುತ್ತಾನೆ. ಇದನ್ನು ಮತದ ಲೆಕ್ಕಕ್ಕೆ ಬರೆದುಕೊಂಡು ಸಂತೋಷಪಡುವವರು ಈಗ ಬಹಳ. ಅವರು ಆ ಪುಟದ ಉಳಿದ ಸಾಲುಗಳನ್ನೂ ಓದಬೇಕು. ಅಲ್ಲಿಯವರೆಗೆ ಮದಕರಿನಾಯಕ ಅದೇ ದಳವನ್ನು ನಂಬಿ ಕೋಟೆ ಉಳಿಸಿಕೊಂಡಿದ್ದ. ಕೋಟೆ ಬಿದ್ದ ಮೇಲೆ ಹೈದರ್ ಸುಮಾರು ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಗಂಡುಮಕ್ಕಳನ್ನು ಮತಾಂತರಿಸಿ ಚೇಲಾ ಎಂಬ ದಳ ಕಟ್ಟಿದ. ಯಾರ ಕೋಟೆ ಬಿದ್ದಿತೋ ಅವರ ಮಕ್ಕಳೇ ಗೆದ್ದವನ ಸಿಪಾಯಿಗಳಾದರು. ಬೇಡವೆನ್ನುವ ಅವಕಾಶ ಅವರಿಗೆ ಇರಲಿಲ್ಲ.

ಮದಕರಿ ಸೆರೆಯಾಗಿ ಶ್ರೀರಂಗಪಟ್ಟಣ ಸೇರಿದ. ಅವನ ಅಂತ್ಯದ ಮೇಲೆ 'ದುರ್ಗಾಸ್ತಮಾನ'ದಂಥ ದೊಡ್ಡ ಕಾದಂಬರಿ ಬಂತು. 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಇಪ್ಪತ್ತು ಸಾವಿರ ಜನರ ಆ ನಡಿಗೆಯ ಮೇಲೆ ಅಷ್ಟು ದೊಡ್ಡದು ಯಾವುದನ್ನೂ ನಾನು ಓದಿಲ್ಲ. ದುರ್ಗದಿಂದ ಶ್ರೀರಂಗಪಟ್ಟಣಕ್ಕೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಮುದುಕರು, ಬಾಣಂತಿಯರು, ಕೂಸುಗಳು. ದೊರೆಯ ಸೋಲು ದುರಂತವಾಗುತ್ತದೆ; ಜನರದ್ದು ಅಂಕಿಯಾಗಿ ಉಳಿಯುತ್ತದೆ. ಕೋಟೆಯ ಹಿರಿಮೆ ಹಾಡುವಾಗ ನಾವು ಬಳಸುವ ತಕ್ಕಡಿ ಯಾರದ್ದು ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಕಲ್ಲವೆ?

ಓಬವ್ವನಿಗೆ ನಾವು ಗೌರವ ಕೊಟ್ಟಿಲ್ಲವೆಂದಲ್ಲ. ದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಆಚರಿಸುತ್ತಿದೆ. ಕೋಟೆಗೆ ಬಂದ ಶಾಲಾಮಕ್ಕಳು ಕಿಂಡಿಯಲ್ಲಿ ಸಾಲಾಗಿ ತೂರಿ ಆಚೆ ಬರುತ್ತಾರೆ. ಹುಡುಗಿಯರು ಇಲ್ಲದ ಒನಕೆ ಎತ್ತಿ ಹೊಡೆಯುವ ಭಂಗಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಒಬ್ಬರ ಸಾಹಸವನ್ನು ಕೊಂಡಾಡುವಾಗ, ಆ ಸಾಹಸ ಏಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಹೂವಿನ ಹಾರದಡಿ ಮುಚ್ಚಿಬಿಡುವುದು ನಮಗೆ ಬಹಳ ಅಭ್ಯಾಸವಾಗಿದೆ. ಪ್ರವಾಹದಲ್ಲಿ ಈಜಿ ಕಂಬ ಹತ್ತಿದ ಲೈನ್‌ಮನ್, ರಾತ್ರಿ ಹಳಿಯ ಬಿರುಕು ಕಂಡು ದೀಪ ಬೀಸಿ ರೈಲು ನಿಲ್ಲಿಸಿದ ಗ್ಯಾಂಗ್‌ಮನ್, ಮ್ಯಾನ್‌ಹೋಲಿಗೆ ಇಳಿದವನನ್ನು ಎಳೆದು ತಾನೇ ಸತ್ತ ಪೌರಕಾರ್ಮಿಕ: ಇವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಶಾಲು ಬರುತ್ತದೆ. ಇವರ ಜೊತೆ ಇರಬೇಕಾದ ಇನ್ನೊಬ್ಬ ಏಕೆ ಇರಲಿಲ್ಲ, ಆ ಮ್ಯಾನ್‌ಹೋಲಿಗೆ ಮನುಷ್ಯ ಇಳಿಯಲೇಬಾರದಿತ್ತಲ್ಲ ಎಂಬುದು ಸುದ್ದಿಯಾಗುವುದಿಲ್ಲ. ಬದಲಿ ಆಳಿಗೆ ಪ್ರತಿ ತಿಂಗಳೂ ಸಂಬಳ ಕೊಡಬೇಕು. ಹಾರಕ್ಕೆ ಒಂದೇ ದಿನದ ಖರ್ಚು.

ನಮ್ಮ ವಸತಿ ಸಮುಚ್ಚಯದ ಗೇಟಿನಲ್ಲಿ ಒಬ್ಬ ಕಾವಲುಗಾರನಿದ್ದಾನೆ. ಹನ್ನೆರಡು ಗಂಟೆಯ ಪಾಳಿ. ಊಟದ ಡಬ್ಬಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಒಂದು ತುತ್ತು ತಿನ್ನುತ್ತಾನೆ, ಕಾರು ಬಂದರೆ ಎದ್ದು ಗೇಟು ತೆಗೆಯುತ್ತಾನೆ, ಮತ್ತೆ ಬಂದು ಕೂರುತ್ತಾನೆ. ಶೌಚಕ್ಕೆ ಹೋದ ಐದು ನಿಮಿಷದಲ್ಲಿ ಯಾರೋ ಸೈಕಲ್ ಒಯ್ದರೆಂದು ಕಳೆದ ಸಲ ನಿವಾಸಿಗಳ ಸಭೆ ಸೇರಿತು. ಭದ್ರತೆಯ ಬಗ್ಗೆ ಬಹಳ ಹೊತ್ತು ಮಾತಾಯಿತು. ಕಾಂಪೌಂಡಿನ ಎತ್ತರ ಎರಡು ಅಡಿ ಏರಿಸುವುದು, ನಾಲ್ಕು ಕ್ಯಾಮೆರಾ ಹಾಕಿಸುವುದು, ಗೋಡೆಯ ಮೇಲೆ ಮುಳ್ಳುತಂತಿ ಸುತ್ತುವುದು ಎಂದು ಎಲ್ಲರೂ ಒಪ್ಪಿದರು. ಊಟದ ಹೊತ್ತಿಗೆ ಇನ್ನೊಬ್ಬನನ್ನು ಇಡೋಣವೇ ಎಂದು ಒಬ್ಬ ಹೆಂಗಸು ಕೇಳಿದರು. ಖಜಾಂಚಿ ಲೆಕ್ಕದ ಪುಸ್ತಕ ತಿರುವಿ, ತಿಂಗಳ ನಿರ್ವಹಣಾ ವೆಚ್ಚ ಮನೆಗೆ ಎಷ್ಟು ಹೆಚ್ಚುತ್ತದೆ ಎಂದು ಹೇಳಿದರು. ಆ ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಂಡೆವು; ಕೈ ಎತ್ತಿದವರಲ್ಲಿ ನಾನೂ ಇದ್ದೆ.